ಕೈಬಿಟ್ಟ ಅಕ್ಷರಗಳು

ಮುಚ್ಚಿದ ಅಚ್ಚುಕೂಟದಿಂದ ತೂಕದ ಲೆಕ್ಕದಲ್ಲಿ,
ಕಿಲೋಗೆ ಮೂರು ಲಾರಿ
(ತ್ಬಿಲಿಸಿಯಲ್ಲಿ ಲಾರಿ ಅಂದರೆ ದುಡ್ಡು),
ದಾರೆಜಾನ್ ಹೊತ್ತು ತಂದ ಸೀಸದಲ್ಲಿ
ಮೂವತ್ತಮೂರು ಅಕ್ಷರದ ಮೊಳೆಗಳು ಸವೆದು ಮೊಂಡು.
ಐದರದ್ದು ಮಾತ್ರ ಚೂಪು,
ಅಂಚು ಮುಟ್ಟಿದರೆ ಬೆರಳು ಕೊಯ್ಯುವಷ್ಟು.
ಯಾರೂ ಜೋಡಿಸಿಯೇ ಇರಲಿಲ್ಲ ಅವನ್ನು.
ನೂರು ವರ್ಷಕ್ಕೂ ಹಿಂದೆ ಭಾಷೆ ಕೈಬಿಟ್ಟವು;
ದನಿ ಹೋಗಿತ್ತು, ಮೈ ಉಳಿದಿತ್ತು.

'ನಮ್ಮಲ್ಲೂ ಎರಡಿವೆ' ಎಂದೆ.
ಹಬೆಗಟ್ಟಿದ ಅವಳ ಕಿಟಕಿಯ ಮೇಲೆ ಬೆರಳಲ್ಲಿ

          ಱ
                    ೞ

ಬರೆದೆ. ಎರಡನೆಯದರ ಬುಡದಿಂದ
ನೀರಿಳಿದು ಅಕ್ಷರ ಉದ್ದವಾಯಿತು.
'ಹೇಗೆ ಓದುವುದು?'
'ಸರಿಯಾಗಿ ಗೊತ್ತಿಲ್ಲ.'
ಅವಳು ನಗಲಿಲ್ಲ. ತಲೆಯಾಡಿಸಿದಳು,
ದೂರದ ನೆಂಟರ ಸಾವಿನ ಸುದ್ದಿ ಕೇಳಿದವಳ ಹಾಗೆ.

ಅವಳ ಪದ್ಯದಲ್ಲಿ ಪದವಿಲ್ಲ.
ಐದೇ ಅಕ್ಷರ, ಒಂದರ ಹೆಗಲ ಮೇಲೊಂದು,
ಚುಗುರೆತಿಯ ಈ ಓಣಿಯ ಮರದ ಬಾಲ್ಕನಿಗಳಂತೆ
ವಾಲಿಕೊಂಡು, ಬೀಳದೆ.
ಸಾವೊ ಪಾಲೊದ ಗೆಳೆಯ ಅಲ್ಪವಿರಾಮಗಳಿಂದಲೇ
ಇರುವೆಸಾಲು ಕಟ್ಟಿ ಕಳಿಸಿದ್ದಾನೆ,
ಒಸಾಕಾದವಳು ಒಂದು ಚುಕ್ಕೆಯ ಬಿಳಿ ಹಾಳೆ,
ಲಾಗೋಸ್‌ನಿಂದ ಬಂದದ್ದು
ಟೈಪ್‌ರೈಟರಿನಲ್ಲಿ ಕುಟ್ಟಿದ ಟ್ರಾಫಿಕ್ ಜಾಮ್.
ಮೂರೂ ಬಚ್ಚಲ ಬಾಗಿಲಿಗೆ ಅಂಟಿವೆ.
ಶುಕ್ರವಾರ ಪ್ರದರ್ಶನ.
ನಲವತ್ತು ಹಾಳೆ ಒತ್ತಿ, ಮಸಿ ಆರಲೆಂದು
ಮೆಟ್ಟಿಲ ಕಂಬಿಗೆ ಹರವಿ ಮಲಗಿದಳು.

ಕೆಳಗೆ ಓತಿಯಾನ ಒಲೆ.
ಬಾವಿಯಂತೆ ಬಾಯ್ತೆರೆದ ಮಣ್ಣೊಲೆಯೊಳಗೆ
ಸೊಂಟದವರೆಗೂ ಬಗ್ಗಿ
ಅದರ ಗೋಡೆಗೆ ಹಿಟ್ಟು ಬಡಿಯುತ್ತಾನೆ.
ರೊಟ್ಟಿ ಹೊರಬರುವುದು ಹೀಗೆ:

               ಚೂಪು
          ತುದಿ, ಉಬ್ಬಿದ
     ನಡು, ಮತ್ತೆ ಅತ್ತ ಕಡೆ
          ತೆಳುವಾಗುತ್ತ
               ಚೂಪು

ಬೆಳಗಿನ ಆರಕ್ಕೆ ಸುತ್ತಿಕೊಡುವ ಕಾಗದ ಮುಗಿಯಿತು.
ಮೆಟ್ಟಿಲ ಮೇಲೆ ಕಾಗದವಿತ್ತು.
ಅವನದೇನು ತಪ್ಪು? ಓದಲು ಬಾರದ್ದನ್ನು
ರದ್ದಿ ಎನ್ನದೆ ಇನ್ನೇನೆನ್ನುತ್ತಾರೆ.

ಬಿಸಿಗೆ ಮಸಿ ಸಡಿಲಿತು.
ಸೀಸದಲ್ಲಿ ತಿರುಗುಮುರುಗಾಗಿದ್ದದ್ದು
ಹಾಳೆಯಲ್ಲಿ ನೆಟ್ಟಗಾಗಿ
ರೊಟ್ಟಿಯ ಬೆನ್ನ ಮೇಲೆ ಮತ್ತೆ ತಿರುಗುಮುರುಗಾಯಿತು.
ಹಾಗೇ ಹೋಯಿತು ಪದ್ಯ, ನಲವತ್ತು ಮನೆಗೆ.
ಅಕ್ಷರ ಅಂದರೆ ಅಳಿವಿಲ್ಲದ್ದು
ಅಂತ ನನಗೆ ಶಾಲೆಯಲ್ಲಿ ಹೇಳಿದ್ದರು.
ಇಲ್ಲಿ ಚೀಸ್ ಇಟ್ಟುಕೊಂಡು ತಿಂದರು.

ಒಬ್ಬಳು ವಾಪಸ್ ಬಂದಳು,
ಮೂರನೇ ಮಹಡಿಯ ತ್ಸಿಯಾಲಾ, ಅರ್ಧ ರೊಟ್ಟಿ ಹಿಡಿದು.
ದೂರು ಮಸಿಯದ್ದಲ್ಲ:
'ಇದು ನಮ್ಮ ಮುತ್ತಜ್ಜನ ಗೋರಿಗಲ್ಲಿನಲ್ಲಿದೆ.
ಅಲ್ಲಿ ಬಾಲ ಎಡಕ್ಕೆ. ಇಲ್ಲೇಕೆ ಬಲಕ್ಕೆ?'
ಓತಿಯಾ ರೊಟ್ಟಿಯನ್ನು ನೋಡಿದ,
ಒಲೆಯೊಳಗೆ ಇಣುಕಿದ.

ದಾರೆಜಾನ್ ಇಳಿದು ಬಂದ ರಭಸಕ್ಕೆ
ಒಂದು ಚಪ್ಪಲಿ ಮೇಲಿನ ಮೆಟ್ಟಿಲಲ್ಲೇ ಉಳಿಯಿತು.
ಓತಿಯಾ ಎದೆಗೆ ಹಿಟ್ಟಿನ ಕೈಯಿಟ್ಟು
ಏನೋ ಹೇಳಿದ, ಮೂರು ಸಲ.
'ಏನಂತೆ?' ಎಂದೆ.
'ಕ್ಷಮಿಸಬೇಕಂತೆ' ಎಂದಳು, ಹಲ್ಲು ಬಿಗಿಹಿಡಿದು.
'ನಿಮ್ಮಲ್ಲಿ ಏನನ್ನುತ್ತೀರಿ?'
'ಹೊಟ್ಟೆಗೆ ಹಾಕಿಕೊಳ್ಳಿ ಅನ್ನುತ್ತೇವೆ.'
ಪದ ಪದ ಬಿಡಿಸಿ ಹೇಳಬೇಕಾಯಿತು.
ತ್ಸಿಯಾಲಾಳ ಕೈಯಿಂದ ರೊಟ್ಟಿ ಕಿತ್ತುಕೊಂಡು
ಅರ್ಧದಲ್ಲಿ ಅರ್ಧ ಮುರಿದು ಬಾಯಿಗಿಟ್ಟಳು.
ಬಹಳ ಹೊತ್ತು ಅಗಿದಳು.

ಶುಕ್ರವಾರ ಗೋಡೆಯಲ್ಲಿ ನಲವತ್ತು ಮೊಳೆ,
ಇವು ಕಬ್ಬಿಣದವು.
ಮೂವತ್ತೊಂಬತ್ತು ಖಾಲಿ.
ಒಂದಕ್ಕೆ ಕಾಲು ರೊಟ್ಟಿ, ಒಣಗಿ ಕಲ್ಲಾದದ್ದು,
ಅದರಲ್ಲಿ ಒಂದೂವರೆ ಅಕ್ಷರ.
ವಿದೇಶದ ಗಿರಾಕಿಯೊಬ್ಬ ಕನ್ನಡಕ ತೆಗೆದು, ಹಾಕಿ,
ಕೊನೆಗೆ ಬೆಲೆ ಕೇಳಿದ.
ದಾರೆಜಾನ್ ಬಾಯಿ ತೆರೆಯುವ ಮೊದಲೇ
ಇಸ್ತ್ರಿ ಅಂಗಿಯ ಓತಿಯಾ ಮುಂದೆ ಬಂದ:

'ಒಂದೂವರೆ ಲಾರಿ.
ಆದರೆ ಇದು ಹಳತು, ಇದ್ಯಾಕೆ ನಿಮಗೆ?
ಬನ್ನಿ, ಬಿಸಿಯದ್ದು ಕೊಡುತ್ತೇನೆ.'